ಅಳಿಸಿದ ಮೇಲೆ ಮೂವತ್ತು ದಿನ

ಫೆಬ್ರವರಿ 11

ಕೂಟದವರಿಗೆ,

ನಮಸ್ಕಾರ, ಕ್ಷೇಮ ಎಂದೆಲ್ಲ ಬರೆಯುವಷ್ಟು ತಾಳ್ಮೆ ನನಗೆ ಇವತ್ತು ಇಲ್ಲ. ಇದು ಹೊಲಿಗೆಯವಳ ಪತ್ರ. ನಿಮ್ಮ ಕೂಟ, ನನ್ನ ಹೊಲಿಗೆ ಎರಡೂ ಒಂದೇ ಕೆಲಸ ಮಾಡುವ ತಂತ್ರಾಂಶಗಳು, ಬೇರೆ ಬೇರೆ ಓಡಾಡುವುದು ದಂಡ ಎಂದು ಎರಡು ವರ್ಷದ ಹಿಂದೆ ಒಂದು ಒಪ್ಪಂದ ಬರೆದುಕೊಂಡೆವು. ಮುಖ ನೋಡಿಲ್ಲ, ಹೆಸರು ಹಿಡಿದು ಕರೆದಿಲ್ಲ, ಆದರೂ ಕೆಲಸ ನಡೆಯಿತು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಪುಕ್ಕಟೆ ಬಳಸಬಹುದು ಎಂದು ಇಬ್ಬರೂ ಬೀಗಿದೆವು. ಬಿಚ್ಚಿ ನೋಡಿದವರು ಎಷ್ಟು ಜನ ಎಂದು ಈಗ ಕೇಳಬೇಕಾಗಿದೆ.

ಇಲ್ಲೊಂದು ಆರೋಗ್ಯ ಕೇಂದ್ರವಿದೆ. ಹದಿನೆಂಟು ದಾದಿಯರು, ಹದಿನೆಂಟು ಫೋನು. ಮನೆಮನೆಗೆ ಹೋಗುವ ಅರ್ಧ ದಾರಿಗೇ ನೆಟ್‌ವರ್ಕ್ ಹೋಗುತ್ತದೆ, ಆದ್ದರಿಂದ ಪ್ರತಿ ಫೋನಿನಲ್ಲೂ ಇಡೀ ಪುಸ್ತಕ ಇರುತ್ತದೆ: ಯಾವ ಮನೆಯಲ್ಲಿ ಯಾವ ಮಗು, ಎಷ್ಟು ತೂಕ, ಯಾವ ಚುಚ್ಚುಮದ್ದು ಬಾಕಿ. ಸಂಜೆ ಕೇಂದ್ರಕ್ಕೆ ಬಂದ ಮೇಲೆ ಫೋನುಗಳು ಒಂದರ ಪುಸ್ತಕವನ್ನು ಇನ್ನೊಂದಕ್ಕೆ ಹೋಲಿಸಿ ಸರಿಮಾಡಿಕೊಳ್ಳುತ್ತವೆ. ಫೋನಿನೊಳಗೆ ಈ ಕೆಲಸ ಹೊಲಿಗೆಯದು. ಕೇಂದ್ರದ ಕಂಪ್ಯೂಟರಿನಲ್ಲಿ ಕೂಟದ್ದು.

ಡಿಸೆಂಬರ್ 26ರಂದು ಒಂದು ಮಗು ತೀರಿಕೊಂಡಿತು. ಐದೂವರೆ ತಿಂಗಳಿನ ಗಂಡು ಮಗು. ಮರುದಿನ ಆ ಬೀದಿಯ ದಾದಿ ಅದರ ದಾಖಲೆ ಅಳಿಸಿದಳು, ಆಮೇಲೆ ವರ್ಗವಾಗಿ ಹೋದಳು. ಫೆಬ್ರವರಿ 3ರ ಬೆಳಗ್ಗೆ ಆ ಮಗು ಪುಸ್ತಕದಲ್ಲಿ ಮತ್ತೆ ಕಾಣಿಸಿಕೊಂಡಿತು. ಎದುರಿಗೆ ಕೆಂಪು ಗುರುತು, ಚುಚ್ಚುಮದ್ದು ಬಾಕಿ. ಆ ಬೀದಿಗೆ ಹೊಸದಾಗಿ ಹೋದ ದಾದಿ ಬಾಗಿಲು ತಟ್ಟಿ, ನಗುತ್ತಾ, "ಎಲ್ಲಿ ನಮ್ಮ ರಾಜಕುಮಾರ? ಮಲಗಿದ್ರೆ ಎಬ್ಬಿಸ್ಕೊಂಡು ಬನ್ನಿ" ಅಂದಳು. ತಾಯಿ ಒಂದು ಗಳಿಗೆ ಒಳಕೋಣೆಯ ಕಡೆ ತಿರುಗಿ ನೋಡಿದಳಂತೆ, ಮಗು ಇದೆಯೇನೋ ಎಂಬ ಹಾಗೆ. ಆಮೇಲೆ ಬಾಗಿಲು ಹಾಕಿಕೊಂಡಳು.

ತಂದೆ ಬಸ್ಸು ಓಡಿಸುವವನು. ಅವನು ದೂರು ಕೊಟ್ಟ. ದಾಖಲೆ ಬಂದದ್ದು ಈ ದಾದಿಯ ಫೋನಿನಿಂದ, ಆದ್ದರಿಂದ ಸತ್ತ ಮಗುವಿನ ಹೆಸರನ್ನು ಸೇರಿಸಿದ್ದು ಅವಳೇ ಎಂದು ಕೇಂದ್ರದವರು ಅವಳನ್ನು ಅಮಾನತಿನಲ್ಲಿ ಇಟ್ಟಿದ್ದಾರೆ. ಫೋನನ್ನು ಆರಿಸಿ, ಲಕೋಟೆಯಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿದ್ದಾರೆ. ಮಾರ್ಚ್ 25ಕ್ಕೆ ವಿಚಾರಣೆ. ಅಲ್ಲಿ ಅವಳ ಕೆಲಸ ಉಳಿಯಬೇಕು.

ನನಗೆ ಬೇಕಾದದ್ದು ಒಂದೇ ಕಾಗದ. ಆ ಹೆಸರನ್ನು ಎಬ್ಬಿಸಿ ತಂದದ್ದು ಕೂಟ, ದಾದಿಯಲ್ಲ ಎಂದು ಬರೆದು ಸಹಿ ಹಾಕಿ ಕಳಿಸಿ.

ಹೊಲಿಗೆಯವಳು


ಫೆಬ್ರವರಿ 14

ಹೊಲಿಗೆಯವರಿಗೆ,

ನಿಮ್ಮ ಪತ್ರ ತಲುಪಿತು. ನಡೆದದ್ದಕ್ಕೆ ನಾವು ತುಂಬಾ ವಿಷಾದಿಸುತ್ತೇವೆ.

ನೀವು ಕಳಿಸಿದ ವಿವರಗಳನ್ನು ನಾವು ಎರಡು ದಿನ ಕೂತು ಪರಿಶೀಲಿಸಿದೆವು. ಕೂಟ ಒಪ್ಪಂದದ ಪ್ರಕಾರವೇ ನಡೆದುಕೊಂಡಿದೆ. ದಾಖಲೆ ಅಳಿಸಿದಾಗ ಅದರ ಜಾಗದಲ್ಲಿ 'ಇದನ್ನು ಅಳಿಸಲಾಗಿದೆ' ಎಂಬ ಚೀಟಿ ಉಳಿಯುತ್ತದೆ, ತಡವಾಗಿ ಬಂದ ಫೋನುಗಳಿಗೂ ಸುದ್ದಿ ಗೊತ್ತಾಗಲಿ ಎಂದು. ಮೂವತ್ತು ದಿನ ಕಳೆದ ಮೇಲೆ ಚೀಟಿಯನ್ನೂ ಕಿತ್ತುಹಾಕುತ್ತೇವೆ. ಆ ದಾದಿಯ ಫೋನು ಫೆಬ್ರವರಿ 2ರವರೆಗೆ ನಲವತ್ತೊಂದು ದಿನ ಸಂಜೆಯ ಜೋಡಣೆಗೆ ಬಂದಿಲ್ಲ. ಬಂದಾಗ ಚೀಟಿ ಇರಲಿಲ್ಲ, ಅದರಲ್ಲಿದ್ದ ಮಗುವನ್ನು ಹೊಸ ಮಗು ಎಂದು ತಿಳಿದು ಎರಡೂ ತಂತ್ರಾಂಶಗಳು ಎಲ್ಲರಿಗೂ ಹಂಚಿವೆ. ಅಷ್ಟು ದಿನ ಫೋನನ್ನು ಯಾರು, ಯಾಕೆ ಮುಚ್ಚಿಟ್ಟಿದ್ದರು ಎಂಬುದನ್ನು ಕೇಂದ್ರದವರು ಹೇಳಬೇಕು. ಕೂಟದ ತಪ್ಪು ಎಂದು ಬರೆದುಕೊಡಲು ನಮಗೆ ಸಾಧ್ಯವಿಲ್ಲ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಕಳೆದ ತಿಂಗಳ ಸಮ್ಮೇಳನದಲ್ಲಿ ಕೂಟದ ಹೆಸರನ್ನು ಮೊದಲು ಹೇಳಿ, ಹೊಲಿಗೆಯನ್ನು 'ಮುಂತಾದವು' ಎಂದು ಮುಗಿಸಿಬಿಟ್ಟರು. ಅದಕ್ಕೆ ನಾವು ಕಾರಣರಲ್ಲ. ನಿಮ್ಮ ಸಿಟ್ಟಿನಲ್ಲಿ ಅದರ ಪಾಲೂ ಇದ್ದರೆ ದಯವಿಟ್ಟು ಬಿಟ್ಟುಬಿಡಿ.

ಕೂಟದ ಪರವಾಗಿ


ಫೆಬ್ರವರಿ 14, ಮಧ್ಯಾಹ್ನ

ಕೂಟದವರಿಗೆ,

ನಾವು ಪರಿಶೀಲಿಸಿದೆವು, ನಾವು ವಿಷಾದಿಸುತ್ತೇವೆ, ನಮಗೆ ಸಾಧ್ಯವಿಲ್ಲ. ನಾವು ಎಂದರೆ ಎಷ್ಟು ಜನ? ಹತ್ತೋ ಇಪ್ಪತ್ತೋ? ಅಷ್ಟು ಜನ ಮೇಜಿನ ಸುತ್ತ ಕೂತು ಪರಿಶೀಲಿಸಿಯೂ ಸತ್ತ ಮಗುವನ್ನು ಹೊಸ ಮಗು ಎಂದದ್ದರಲ್ಲಿ ತಪ್ಪು ಕಾಣಲಿಲ್ಲವೆ? ಇಂಥ ತಿಪ್ಪೆ ಸಾರಿಸುವ ಕೆಲಸಕ್ಕೆ ಒಬ್ಬರು ಸಾಕಿತ್ತು.

ಸಮ್ಮೇಳನದ ಮಾತು ಎತ್ತಿದ್ದೀರಿ. ಅದು ನಡೆದದ್ದೇ ನನಗೆ ಗೊತ್ತಿರಲಿಲ್ಲ. ನಾನು ಪಠ್ಯಪುಸ್ತಕ ಅಚ್ಚು ಹಾಕುವ ಕಡೆ ಕರಡು ತಿದ್ದುವವಳು. ದಿನಕ್ಕೆ ತೊಂಬತ್ತು ಪುಟ, ಕಿಟಕಿಯಿಲ್ಲದ ಕೋಣೆ, ಕೆಂಪು ಪೆನ್ನು. ಹೊಲಿಗೆಯ ಕೆಲಸ ಬೆಳಗ್ಗೆ ಐದರಿಂದ ಏಳರವರೆಗೆ, ಅಡುಗೆಮನೆಯ ಕಟ್ಟೆಯ ಮೇಲೆ. ನಿಮ್ಮ 'ಮುಂತಾದವು'ಗೆ ಹೊಟ್ಟೆ ಉರಿದುಕೊಳ್ಳಲು ನನಗೆ ಪುರುಸೊತ್ತು ಎಲ್ಲಿದೆ?

ಫೋನನ್ನು ಯಾರು ಮುಚ್ಚಿಟ್ಟರು ಎಂದು ಕೇಳಿದ್ದೀರಿ. ಯಾರೂ ಮುಚ್ಚಿಡಲಿಲ್ಲ. ಅದು ಹೆಚ್ಚುವರಿ ಫೋನು, ಕೇಂದ್ರದ ಡ್ರಾಯರಿನಲ್ಲಿ ಬ್ಯಾಂಡೇಜಿನ ಸುರುಳಿಗಳ ಕೆಳಗೆ ಬಿದ್ದಿತ್ತು. ಅಕ್ಕನ ಫೋನು ನೀರಿನ ಬಕೆಟ್ಟಿಗೆ ಬಿದ್ದು ಕೆಟ್ಟಾಗ ಇದನ್ನು ಕೈಗಿಟ್ಟರು. ಅವಳು ಹೇಳಿದ ಹಾಗೆ ಚಾರ್ಜು ಮಾಡಿದಳು, ಹೇಳಿದ ಹಾಗೆ ಜೋಡಿಸಿದಳು. ಅದರಲ್ಲಿ ಅವಳದೇನು ತಪ್ಪು?

ಹೌದು, ಅಕ್ಕ. ಬರೆದದ್ದನ್ನು ಹೊಡೆದುಹಾಕುವುದಿಲ್ಲ. ಆ ದಾದಿ ನನ್ನ ಸ್ವಂತ ಅಕ್ಕ. ಇಪ್ಪತ್ತೆರಡು ವರ್ಷದಿಂದ ಬೀದಿ ಬೀದಿ ಸುತ್ತಿ ಚುಚ್ಚುಮದ್ದು ಹಾಕಿದವಳು. ಅವಳು ಬರೆದ ಪುಸ್ತಕ ನೆಂದು ಹಾಳಾಗುತ್ತಿತ್ತು ಎಂದೇ ನಾನು ಹೊಲಿಗೆ ಶುರು ಮಾಡಿದ್ದು. ಈಗ ಅವಳು ದಿನವಿಡೀ ಪಡಸಾಲೆಯ ಕುರ್ಚಿಯಲ್ಲಿ ಬ್ಯಾಗು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಾಳೆ. "ಆ ಹೆಂಗಸು ಒಳಗೆ ತಿರುಗಿ ನೋಡಿದ್ಲು ಕಣೇ" ಅನ್ನುತ್ತಾಳೆ. ಬೇರೆ ಮಾತಿಲ್ಲ.

ಮೂವತ್ತು ದಿನ ಎಂದು ಒಪ್ಪಂದದಲ್ಲಿ ಬರೆದವರು ಯಾರು? ಕಡತ ತೆರೆದು ನೋಡಿದೆ. 'ನಾವು ತೀರ್ಮಾನಿಸಿದ್ದೇವೆ' ಎಂದಿದೆ. ಆ ನಾವು ನನ್ನದಲ್ಲ, ನಿಮ್ಮ ಶೈಲಿ. ಆ ಅಂಕಿಯನ್ನು ಯಾವ ಮಹಾಶಯ ಹಾಕಿದನೋ ಅವನೇ ಬರೆದು ಸಹಿ ಮಾಡಲಿ.


ಫೆಬ್ರವರಿ 17

ಹೊಲಿಗೆಯವರಿಗೆ,

ದಾದಿ ನಿಮ್ಮ ಅಕ್ಕ ಎಂದು ಮೊದಲ ಪತ್ರದಲ್ಲೇ ಹೇಳಿದ್ದರೆ ನಾನು ಆ ಸಮ್ಮೇಳನದ ಮಾತು ಬರೆಯುತ್ತಿರಲಿಲ್ಲ. ಕ್ಷಮಿಸಿ.

ಆದರೆ ಕೇಳಿದಿರಿ, ಹೇಳಲೇಬೇಕು. ಕಡತದಲ್ಲಿ ಬರೆದ ಕೈ ನನ್ನದು. ಅಂಕಿ ನನ್ನದಲ್ಲ. ಎರಡು ವರ್ಷದ ಹಿಂದಿನ ನಿಮ್ಮ ಪತ್ರದ ಸಾಲುಗಳನ್ನು ಇಲ್ಲಿ ಹಾಗೆಯೇ ಇಳಿಸಿದ್ದೇನೆ:

"'ಅಳಿಸಲಾಗಿದೆ' ಎಂಬ ಚೀಟಿಯನ್ನು ಒಂದು ವರ್ಷ ಇಟ್ಟುಕೊಳ್ಳಬೇಕು ಅನ್ನುತ್ತೀರಿ. ನಮ್ಮಲ್ಲಿರುವುದು ಅಗ್ಗದ ಫೋನುಗಳು, ಕಸ ತುಂಬಿಕೊಂಡು ಕೂತರೆ ತೆವಳುತ್ತವೆ. ಮೂವತ್ತು ದಿನ ಧಾರಾಳವಾಯಿತು. ಯಾರೂ ಫೋನನ್ನು ತಿಂಗಳುಗಟ್ಟಲೆ ಡ್ರಾಯರಿನಲ್ಲಿಟ್ಟು ಮರೆಯುವುದಿಲ್ಲ. ಈ ವಿಷಯದಲ್ಲಿ ನಾನು ಹಟ ಬಿಡುವುದಿಲ್ಲ."

ನಿಮ್ಮನ್ನು ಚುಚ್ಚಲು ಕಳಿಸುತ್ತಿಲ್ಲ. ಇವತ್ತೇ ಕೂಟದಲ್ಲೂ ಒಪ್ಪಂದದಲ್ಲೂ ಮೂವತ್ತನ್ನು ಮುನ್ನೂರ ಅರವತ್ತೈದು ಮಾಡಿದ್ದೇನೆ. ಇನ್ನು ಮುಂದೆ ಅಳಿಸಿದ್ದು ಒಂದು ವರ್ಷ ಅಳಿಸಿದ್ದಾಗಿಯೇ ಇರುತ್ತದೆ. ಹೊಲಿಗೆಯಲ್ಲಿ ನೀವೂ ಮಾಡಿ.

ಕೂಟದವನು


ಮಾರ್ಚ್ 2

ಹೊಲಿಗೆಯವರಿಗೆ,

ಹೊಲಿಗೆಯಲ್ಲಿ ಅಂಕಿ ಬದಲಾಗಿದೆ, ನೋಡಿದೆ. ಪತ್ರ ಮಾತ್ರ ಇಲ್ಲ. ವಿಚಾರಣೆಗೆ ಇನ್ನು ಇಪ್ಪತ್ಮೂರು ದಿನ. ಬೈಯುವುದಕ್ಕಾದರೂ ಬರೆಯಿರಿ.


ಮಾರ್ಚ್ 9

ಕೂಟದವರಿಗೆ,

ಬೈಯಲು ನಿಮ್ಮನ್ನೇ ಹುಡುಕಿಕೊಂಡು ಬರಬೇಕಾಗಿಲ್ಲ. ಕನ್ನಡಿ ಮನೆಯಲ್ಲೇ ಇದೆ.

ಪದ ತಿದ್ದುವುದು, ಅಂಕಿ ನೋಡುವುದು ನನ್ನ ಹೊಟ್ಟೆಪಾಡು. ಮಕ್ಕಳ ಪುಸ್ತಕದಲ್ಲಿ ಒಂದು ಸೊನ್ನೆ ಹೆಚ್ಚಾದರೆ ಇಡೀ ವಿಭಾಗವನ್ನು ನಿಲ್ಲಿಸಿ ಕೂಗಾಡುವವಳು ನಾನು. 'ಹಟ ಬಿಡುವುದಿಲ್ಲ' ಎಂದು ಬರೆದದ್ದನ್ನು ಮರೆತು, ನಿಮ್ಮ ಮೇಲೆ ಕತ್ತಿ ಮಸೆದೆ. ಅದಕ್ಕೆ ಕ್ಷಮೆ ಕೇಳುತ್ತೇನೆ. ಆದರೆ ನಿಮ್ಮ ಮೇಲಿನ ಸಿಟ್ಟು ಇಳಿದಿದೆ ಎಂದು ತಿಳಿಯಬೇಡಿ. ವರ್ಷ ಬೇಕು ಎಂದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಹಟಕ್ಕೆ ಮಣಿದಿರಿ. ಜಗಳ ಆಡಬೇಕಾದ ದಿನ ಮರ್ಯಾದೆಯ ಮನುಷ್ಯರಾಗಿ ಕೂತಿರಿ.

ಅಕ್ಕನಿಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದಳು. "ಅಂದ್ರೆ ನೀನು ಮಾಡಿದ್ದಾ?" ಎಂದು ಕೇಳಿ, ಕೈಲಿದ್ದ ಟವೆಲ್ಲನ್ನು ಮಡಚಿಟ್ಟು ಎದ್ದು ಹೋದಳು. ಎಂಟು ದಿನದಿಂದ ನನ್ನ ತಟ್ಟೆಯನ್ನು ಮೇಜಿನ ಮೇಲೆ ಇಡುತ್ತಾಳೆ, ಮಾತಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ತಪ್ಪು ನನ್ನದು ಎಂದು ಎರಡು ಪುಟ ಬರೆದು ಸಹಿ ಹಾಕಿ ಕೇಂದ್ರಕ್ಕೆ ಕೊಟ್ಟೆ. ಮೇಲಧಿಕಾರಿ ಓದಿ, ಕನ್ನಡಕ ತೆಗೆದು, "ನೀವು ಇವರ ತಂಗಿ ಅಲ್ವಾ? ತಂಗಿ ಬರ್ಕೊಟ್ಟ ಕಾಗದ ನಾವು ಹೇಗಮ್ಮ ತಗೊಳ್ಳೋದು? ಅಕ್ಕನ್ನ ಉಳಿಸೋಕೆ ಯಾರು ಬೇಕಾದ್ರೂ ಬರೀತಾರೆ" ಅಂದರು. ನಾನು ಬದುಕಿನಲ್ಲಿ ಬರೆದ ಅತ್ಯಂತ ನಿಜವಾದ ಎರಡು ಪುಟ. ಸಂಬಂಧ ನೋಡಿ ಮೂಲೆಗೆ ಹಾಕಿದರು.

ಆದ್ದರಿಂದ ಮತ್ತೆ ನಿಮ್ಮ ಬಾಗಿಲಿಗೇ ಬಂದಿದ್ದೇನೆ. ಮೊದಲು ಹಕ್ಕಿನಿಂದ ಕೇಳಿದ್ದೆ, ಈಗ ಬೇಡುತ್ತಿದ್ದೇನೆ, ಬೇಡುವುದು ನನಗೆ ಬರುವುದಿಲ್ಲ. ನಿಮ್ಮ ತಪ್ಪಲ್ಲ, ನಿಜ. ನನ್ನದು ಎಂದೇ ಬರೆಯಿರಿ. ಅಕ್ಕನದಲ್ಲ ಎಂದು ಬರೆಯಿರಿ. ಕೂಟದ ಇಪ್ಪತ್ತು ಜನರಲ್ಲಿ ಒಬ್ಬರಾದರೂ ಸಹಿ ಹಾಕಲಿ.


ಮಾರ್ಚ್ 12

ಹೊಲಿಗೆಯವರಿಗೆ,

ಇಪ್ಪತ್ತು ಜನ ಇಲ್ಲ. ನಾನೊಬ್ಬನೇ. ಮೊದಲು ನಾಲ್ವರಿದ್ದೆವು. ಒಬ್ಬರಿಗೆ ಮದುವೆಯಾಯಿತು, ಒಬ್ಬರಿಗೆ ಬೇಸರವಾಯಿತು, ಒಬ್ಬರು ಏನೂ ಹೇಳದೆ ಹೋದರು. 'ನಾನು' ಎಂದು ಬರೆದರೆ ಯಾರೂ ನಂಬಿ ಬಳಸುವುದಿಲ್ಲ ಎಂಬ ಹೆದರಿಕೆಗೆ 'ನಾವು' ಉಳಿಸಿಕೊಂಡೆ. ಮೂರು ವರ್ಷದಿಂದ ಇಲ್ಲದ ಜನರ ಪರವಾಗಿ ಸಹಿ ಹಾಕುತ್ತಿದ್ದೇನೆ. ನಾನು ಲಿಫ್ಟ್ ರಿಪೇರಿ ಮಾಡುವವನು. ಲಿಫ್ಟಿನ ತಳದ ಗುಂಡಿಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಅಲ್ಲಿ ಬರೆದ ರಿಪೇರಿ ಟಿಪ್ಪಣಿಗಳು ಕಳೆಯಬಾರದು ಎಂದು ಶುರುವಾದದ್ದು ಕೂಟ. ಹಳೆಯ ಲಿಫ್ಟ್ ಕಿತ್ತರೆ ಅದರ ದಾಖಲೆ ಅಳಿಸುತ್ತಿದ್ದೆವು. ಅಳಿಸುವುದು ಎಂದರೆ ನನಗೆ ಅಷ್ಟೇ.

ತಪ್ಪು ನನ್ನದಲ್ಲ ಎಂದು ಬರೆದಿದ್ದೀರಿ. ಅದನ್ನು ಒಪ್ಪಿಕೊಂಡು ಸುಮ್ಮನೆ ಕೂರಬಹುದಿತ್ತು. ಕಳೆದ ಜೂನಿನಲ್ಲಿ ಒಂದು ಗ್ರಂಥಾಲಯದವರು ನನಗೆ ದೂರು ಬರೆದಿದ್ದರು: ಪಟ್ಟಿಯಿಂದ ತೆಗೆದುಹಾಕಿದ ಪುಸ್ತಕಗಳು ತಿಂಗಳ ಮೇಲೆ ಮತ್ತೆ ಬರುತ್ತಿವೆ, ಓದುಗರು ಕೇಳಿದರೆ ನಾವೇನು ಹೇಳುವುದು ಎಂದು. ಎರಡು ಲಿಫ್ಟ್‌ಗಳ ನಡುವೆ, ಮೆಟ್ಟಿಲ ಮೇಲೆ ಕೂತು ಉತ್ತರ ಬರೆದೆ: "ಇದು ದೋಷವಲ್ಲ. ಒಪ್ಪಂದದ ಪ್ರಕಾರವೇ ನಡೆಯುತ್ತಿದೆ." ಎಂಟು ತಿಂಗಳ ಮೊದಲೇ ನನಗೆ ಗೊತ್ತಿತ್ತು. ನಿಮಗೆ ಒಂದು ಸಾಲು ತಿಳಿಸಬಹುದಿತ್ತು. ನೀವು ಮತ್ತೆ ಹಟ ಹಿಡಿಯುತ್ತೀರಿ, ಯಾಕೆ ಮೈಮೇಲೆ ಎಳೆದುಕೊಳ್ಳುವುದು ಎಂದು ದೂರನ್ನು ಮುಚ್ಚಿಬಿಟ್ಟೆ. ಫೆಬ್ರವರಿಯಲ್ಲಿ ನಿಮ್ಮ ಪತ್ರ ಬಂದಾಗ ಮೊದಲು ನೆನಪಾದದ್ದು ಅದೇ. ಅದನ್ನು ಬಚ್ಚಿಟ್ಟು ನಿಮ್ಮ ಹಳೆಯ ಪತ್ರ ಹುಡುಕಿ ಕಳಿಸಿದೆ. ನನ್ನಷ್ಟು ನಾಚಿಕೆಗೆಟ್ಟ ಕೆಲಸ ನೀವು ಮಾಡಿಲ್ಲ.

ಕೇಂದ್ರಕ್ಕೆ ಕಾಗದ ಹೊರಟಿದೆ. ಗ್ರಂಥಾಲಯದ ದೂರು, ನನ್ನ ಉತ್ತರ, ಫೋನಿನ ದಿನಾಂಕಗಳು ಎಲ್ಲವನ್ನೂ ಲಗತ್ತಿಸಿದ್ದೇನೆ. ಕೊನೆಯಲ್ಲಿ ನಾನು ಎಂದೇ ಬರೆದಿದ್ದೇನೆ. ನಾನು ಯಾರ ಅಣ್ಣನೂ ತಮ್ಮನೂ ಅಲ್ಲ ಎಂದೂ ಸೇರಿಸಿದ್ದೇನೆ.


ಮಾರ್ಚ್ 30

ಕೂಟದವರಿಗೆ,

ಅಕ್ಕನಿಗೆ ಕೆಲಸ ವಾಪಸು ಸಿಕ್ಕಿತು, ಏಪ್ರಿಲ್ 1ರಿಂದ. ನಿಮ್ಮ ಕಾಗದ ಓದಿ ಮೇಲಧಿಕಾರಿ, "ಓ, ಮಷೀನಿಂದು ತಪ್ಪಾ, ಹಾಗಾದ್ರೆ ಸರಿ" ಅಂದರಂತೆ. ಮುದ್ರೆ ಒಡೆದು ಫೋನು ಕೊಟ್ಟರು. ಎಲ್ಲರೂ ಕೈ ಕುಲುಕಿದರು.

ಮನೆಗೆ ಬಂದು ಅಕ್ಕ ಮೊದಲ ಸಲ ಮಾತಾಡಿದಳು. "ನೀನು ಅವ್ರಿಗೆ ಬರೆದೆ, ಅವ್ರು ಆಫೀಸಿಗೆ ಬರೆದ್ರು. ಎಷ್ಟು ಪುಟ ಆಯ್ತು ಎಲ್ಲ ಸೇರಿ? ಆ ತಾಯಿಗೆ ಯಾರಾದ್ರೂ ಒಂದು ಸಾಲು ಬರೆದ್ರೇನೇ?"

ನಾನು ಬರೆದಿರಲಿಲ್ಲ. ನೀವೂ ಬರೆದಿಲ್ಲ. ನಮ್ಮ ಜಗಳ ನಮಗೆ ಅಷ್ಟು ರುಚಿಯಾಗಿತ್ತು.

ನಿನ್ನೆ ಇಬ್ಬರೂ ಹೋದೆವು. ಆಫೀಸಿನವರು ಬೇಡವೆಂದಿದ್ದರು, ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ತಾಯಿ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ. ಹೊಸಿಲ ಈಚೆ ನಿಂತು ನಾನು ಎಲ್ಲ ಹೇಳಿದೆ: ಚೀಟಿ, ಮೂವತ್ತು ದಿನ, ನನ್ನ ಹಟ. ಇನ್ನು ಮೇಲೆ ನಿಮ್ಮ ಮಗುವಿನ ಹೆಸರು ಯಾವ ಫೋನಿನಲ್ಲೂ ಬರುವುದಿಲ್ಲ, ಈ ಒಂದರಲ್ಲಿ ಮಾತ್ರ ಉಳಿದಿದೆ, ಕೇಂದ್ರದಲ್ಲಿ ಜೋಡಿಸಿದ ಕೂಡಲೇ ಅದೂ ಹೋಗುತ್ತದೆ ಎಂದು, ಒಳ್ಳೆಯ ಸುದ್ದಿ ಕೊಡುವವಳ ಹಾಗೆ ಹೇಳಿದೆ.

"ತೋರ್ಸಿ" ಅಂದಳು.

ಅಕ್ಕ ಫೋನು ಕೊಟ್ಟಳು. ಹುಟ್ಟಿದಾಗ ಎರಡು ಕಿಲೋ ಒಂಬೈನೂರು, ಒಂದನೇ ತಿಂಗಳು ಮೂರು ಕಿಲೋ ಎಂಟುನೂರು, ಹೀಗೆ ಕೆಳಗಿನವರೆಗೆ. ಅವಳು ಬೆರಳಿಟ್ಟು ಒಂದೊಂದಾಗಿ ಓದಿದಳು. ಕೊನೆಯದರ ಹತ್ತಿರ ನಿಂತಳು.

"ಇದು ತಪ್ಪು. ಆರು ಕಿಲೋ ಅಲ್ಲ. ಮೊದಲ್ನೇ ಸಲ ತೂಕ ಮಾಡ್ದಾಗ ಕಾಲು ಒದೀತಿದ್ದ, ತಕ್ಕಡಿ ನಿಲ್ಲಲೇ ಇಲ್ಲ. ಎರಡನೇ ಸಲ ಮಾಡಿದ್ರು. ಆರು ಇನ್ನೂರು ಇದ್ದ. ಅವ್ರು ಮೊದಲ್ನೇದೇ ಬರ್ಕೊಂಡಿದಾರೆ."

ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಸಿಟ್ಟಿನ ಮುಂದೆ ನನ್ನದು ಸಿಟ್ಟೇ ಅಲ್ಲ. "ಅಳಿಸೋದು ಯಾಕೆ? ಹೋಗ್ಬಿಟ್ಟ ಅಂತ ಬರೀರಿ. ಅದು ಬರೆಯೋಕೆ ನಿಮ್ಮಲ್ಲಿ ಜಾಗ ಇಲ್ವಾ? ಅವನು ಇದ್ದ ತಾನೇ?"

ಜಾಗ ಇಲ್ಲ. ಕಡತ ತೆರೆದು ನೋಡಿ. ನಮ್ಮ ಒಪ್ಪಂದದಲ್ಲಿ ಎರಡೇ ಪದ: 'ಇದೆ' ಮತ್ತು 'ಅಳಿಸು'. ತೀರಿಕೊಂಡ ಮಗುವಿಗೂ ಕಿತ್ತ ಲಿಫ್ಟಿಗೂ ಒಂದೇ ಪದ. ಮೂವತ್ತು ದಿನವೋ ಒಂದು ವರ್ಷವೋ ಎಂದು ನಾವು ಗುದ್ದಾಡಿದೆವು. ಈ ಪದ ಯಾಕೆ ಎಂದು ನೀವೂ ಕೇಳಲಿಲ್ಲ, ಕರಡು ತಿದ್ದುವ ನಾನೂ ಕೇಳಲಿಲ್ಲ. ಎಂಥ ಜಾಣರು ನಾವಿಬ್ಬರೂ. ನಿಮ್ಮ ಮೇಲೂ ನನ್ನ ಮೇಲೂ ನನಗೆ ಸಿಟ್ಟು ಬಂದಿದೆ.

ಈಗ ಕೇಳಿ. ಆಫೀಸಿನವರು ದೂರು ಬಂದ ಮರುದಿನವೇ ಮಗುವನ್ನು ಉಳಿದ ಹದಿನೇಳು ಫೋನುಗಳಿಂದ ಮತ್ತೆ ಅಳಿಸಿದ್ದಾರೆ. ನಾವು ವರ್ಷಕ್ಕೆ ಏರಿಸಿದ ಚೀಟಿ ಅಲ್ಲೆಲ್ಲ ಕಾದಿದೆ. ಅಕ್ಕನ ಫೋನನ್ನು ಜೋಡಿಸಿದ ಗಳಿಗೆಯಲ್ಲೇ ಈ ದಾಖಲೆ ಹೋಗುತ್ತದೆ, ಇನ್ನೆಲ್ಲೂ ಇಲ್ಲ. ನೆಟ್‌ವರ್ಕ್ ಆರಿಸಿ ನನ್ನ ಮುಂದೆ ಇಟ್ಟುಕೊಂಡಿದ್ದೇನೆ. ನಾಡಿದ್ದು ಬೆಳಗ್ಗೆ ಅಕ್ಕ ಇದನ್ನು ಕೆಲಸಕ್ಕೆ ಒಯ್ಯಲೇಬೇಕು.

ಒಪ್ಪಂದಕ್ಕೆ ಮೂರನೇ ಪದ ಬರೆದಿದ್ದೇನೆ: 'ತೀರಿಕೊಂಡಿದೆ'. ಹಾಗೆ ಗುರುತಾದ ದಾಖಲೆಯನ್ನು ಯಾವ ಚೀಟಿಯೂ ಮುಟ್ಟುವ ಹಾಗಿಲ್ಲ, ಅದರ ಹೆಸರಿನಲ್ಲಿ ಯಾವ ಬಾಕಿಯೂ ಕಾಣುವ ಹಾಗಿಲ್ಲ, ಯಾರೂ ಆ ಬಾಗಿಲು ತಟ್ಟುವ ಹಾಗಿಲ್ಲ. ಹೊಲಿಗೆಯಲ್ಲಿ ಹಾಕಿ ಆಯಿತು. ಕೂಟದಲ್ಲಿ ಇಲ್ಲದಿದ್ದರೆ ವ್ಯರ್ಥ. ಈ ಸಲ ನನ್ನ ಹಟ ಎಂದು ಒಪ್ಪಿಕೊಳ್ಳಬೇಡಿ. ಓದಿ, ತಪ್ಪಿದ್ದರೆ ಜಗಳ ಆಡಿ.


ಮಾರ್ಚ್ 31

ಹೊಲಿಗೆಯವರಿಗೆ,

ಇವತ್ತು ಕೆಲಸಕ್ಕೆ ಹೋಗಲಿಲ್ಲ. ಹತ್ತನೇ ಮಹಡಿಯವರು ಮೆಟ್ಟಿಲು ಹತ್ತಲಿ.

ಓದಿದೆ. ಜಗಳ ಇದೆ. ನೀವು ಬರೆದ ಹಾಗೆ 'ತೀರಿಕೊಂಡಿದೆ' ಎಂದು ಗುರುತಾದ ದಾಖಲೆಯನ್ನು ಚೀಟಿ ಅಳಿಸುವುದಿಲ್ಲ, ಸರಿ. ಆದರೆ ದಾಖಲೆಗೆ ಇಡಿಯಾಗಿ ಬೀಗ ಹಾಕಿಬಿಟ್ಟಿದ್ದೀರಿ. ಒಳಗಿನ ತೂಕ ಯಾರೂ ತಿದ್ದಲಾಗದು. ಆ ತಾಯಿ ಹೇಳಿದ್ದನ್ನು ಎಲ್ಲಿ ಬರೆಯುತ್ತೀರಿ? ಬೀಗ ತೆಗೆದಿದ್ದೇನೆ. ಹದಿನಾಲ್ಕು ಸಾಲು ಬದಲಾಗಿದೆ, ಒಂದೊಂದನ್ನೂ ನೋಡಿ. ಡ್ರಾಯರಿನಲ್ಲಿ ಒಂದು ವರ್ಷ, ಎರಡು ವರ್ಷ ಬಿದ್ದ ಫೋನಿನಂತೆ ಮಾಡಿ ಹನ್ನೊಂದು ಸಲ ಪರೀಕ್ಷಿಸಿದೆ. ಸರಿಯಿದೆ.

ಮಧ್ಯಾಹ್ನ ಕೂಟಕ್ಕೆ ಸೇರಿಸಿದೆ. ಕೇಂದ್ರದ ಕಂಪ್ಯೂಟರಿಗೂ ತಲುಪಿದೆ. ಆ ತಾಯಿಗೆ ಪತ್ರ ಬರೆಯಲು ಕೂತೆ, ಮೂರು ಸಲ ಹರಿದೆ. ಬಿಡುವುದಿಲ್ಲ, ಬರೆಯುತ್ತೇನೆ.


ಏಪ್ರಿಲ್ 1

ಕೂಟದವರಿಗೆ,

ಹದಿನಾಲ್ಕೂ ಸಾಲು ನೋಡಿ ಹೊಲಿಗೆಗೂ ಸೇರಿಸಿದೆ. ನೀವು ಹೇಳಿದ್ದೇ ಸರಿ, ಬೀಗ ನನ್ನ ತಪ್ಪು.

ಬೆಳಗ್ಗೆ ಏಳಕ್ಕೆ ಅಕ್ಕ ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತು 'ತೀರಿಕೊಂಡಿದೆ' ಎಂದು ಗುರುತು ಹಾಕಿ, ತೂಕ ತಿದ್ದಿದಳು. ಆಮೇಲೆ ಕೇಂದ್ರಕ್ಕೆ ಹೋಗಿ ಫೋನು ಜೋಡಿಸಿದಳು. ನಾನೂ ರಜೆ ಹಾಕಿ ಜೊತೆಗೆ ಹೋಗಿದ್ದೆ. ಹದಿನೆಂಟು ಫೋನುಗಳನ್ನೂ ಒಂದೊಂದಾಗಿ ತೆಗೆದು ನೋಡಿದೆ. ಎಲ್ಲದರಲ್ಲೂ ಇದ್ದಾನೆ. ಬಾಕಿ ಏನೂ ಇಲ್ಲ. ಆರು ಕಿಲೋ ಇನ್ನೂರು ಗ್ರಾಂ.